ಆರನೆಯ ಪ್ಲಗ್ಗು

ಲಾರಿಯ ಎಂಜಿನ್ನಿಗೆ ಆರು ಪ್ಲಗ್ಗುಗಳಿದ್ದವು. ಮುಂದಿನ ಐದನ್ನು ಪಾನಾ ಹಿಡಿಯಲು ಬರುವ ಯಾರು ಬೇಕಾದರೂ ಬಿಚ್ಚಬಹುದಿತ್ತು. ಆರನೆಯದನ್ನು ಬಿಚ್ಚುವುದು ನುಗ್ಗೇಹಳ್ಳಿಯಲ್ಲಿ ಸುದರ್ಶನನ ಬಲಗೈ ಒಂದರಿಂದಲೇ ಆಗುತ್ತಿತ್ತು.

ಅದು ಮಿಲಿಟರಿಯವರು ಹರಾಜು ಹಾಕಿದ್ದ ಹಳೆಯ ಪೆಟ್ರೋಲ್ ಲಾರಿ. ತೊಂಬತ್ತೆರಡರಲ್ಲಿ ಸುದರ್ಶನನ ಅಣ್ಣ ದೇವರಾಜು ಅದನ್ನು ಹಿಡಿದು ತಂದು ಮನೆ ಮುಂದಿನ ಹೊಂಗೆಮರದ ಕೆಳಗೆ ನಿಲ್ಲಿಸಿದ. ಸುತ್ತಿನ ಹಳ್ಳಿಗಳ ತೆಂಗಿನಕಾಯಿ ತುಂಬಿಕೊಂಡು ಚನ್ನರಾಯಪಟ್ಟಣಕ್ಕೆ ಹೊಡೆಯುವುದು ಅವನ ಕಸುಬು. ಬರೀ ಪೆಟ್ರೋಲ್ ಕುಡಿಸಿದರೆ ಪೂರೈಸುವುದಿಲ್ಲವೆಂದು ಅರ್ಧಕ್ಕರ್ಧ ಸೀಮೆಎಣ್ಣೆ ಬೆರೆಸುತ್ತಿದ್ದ. ಹಾಗಾಗಿ ಪ್ಲಗ್ಗುಗಳಿಗೆ ಹದಿನೈದು ದಿನಕ್ಕೊಮ್ಮೆ ಮಸಿ ಕಟ್ಟಿ ಲಾರಿ ಕೆಮ್ಮತೊಡಗುತ್ತಿತ್ತು. ಐದನ್ನು ಬಿಚ್ಚಿ, ಉಜ್ಜಿ, ಆಗದಿದ್ದರೆ ಹೊಸದು ಹಾಕಿ ಕೂರಿಸಲು ಅರ್ಧ ಗಂಟೆ ಸಾಕು. ಆರನೆಯದು ಕ್ಯಾಬಿನ್ನಿನ ನೆಲದಡಿಗೆ ಹೊಕ್ಕು ಕೂತಿತ್ತು. ಒಂದು ಪಕ್ಕಕ್ಕೆ ತಗಡಿನ ಗೋಡೆ, ಇನ್ನೊಂದು ಪಕ್ಕಕ್ಕೆ ಹೊಗೆ ಹೋಗುವ ಕೊಳವೆಯ ಬುಡ, ನಡುವೆ ಮೂರು ಬೆರಳಗಲದ ಸಂದಿ. ದೇವರಾಜುವಿನ ಕೈ ಮಣಿಕಟ್ಟಿಗೆ ಮುಂಚೆಯೇ ಸಿಕ್ಕಿಕೊಳ್ಳುತ್ತಿತ್ತು. ಚನ್ನರಾಯಪಟ್ಟಣದ ಮೆಕ್ಯಾನಿಕ್ಕು ನೋಡಿ, ಪ್ರತಿ ಸಲವೂ ಎಂಜಿನ್ ಕಳಚಿ ಮುಂದಕ್ಕೆಳೆಯದೆ ಬೇರೆ ದಾರಿಯಿಲ್ಲ ಅಂದಿದ್ದ.

ಸುದರ್ಶನನಿಗೆ ಮೂರು ವರ್ಷದವನಿದ್ದಾಗ ಪೋಲಿಯೋ ಬಡಿದಿತ್ತು. ಬಲಗೈ ಭುಜದಿಂದ ಕೆಳಕ್ಕೆ ಬೆಳೆಯಲೇ ಇಲ್ಲ. ಇಪ್ಪತ್ತೇಳನೆಯ ವಯಸ್ಸಿನಲ್ಲೂ ಅದು ಸಿಪ್ಪೆ ಸುಲಿದ ಕಡ್ಡಿಯಂತಿತ್ತು. ಎತ್ತಲು ಎಡಗೈ ನೆರವು ಬೇಕು. ಆದರೆ ಬೆರಳುಗಳು ಆಡುತ್ತಿದ್ದವು, ಚುರುಕಾಗಿಯೇ ಆಡುತ್ತಿದ್ದವು. ಚನ್ನರಾಯಪಟ್ಟಣದಲ್ಲಿ ಈಶ್ವರಯ್ಯ ಎಂಬಾತನ ಅಂಗಡಿಯಲ್ಲಿ ಅವನು ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಕೆಲಸ ಕಲಿತಿದ್ದ. ಲಾರಿ ಬಂದ ತಿಂಗಳಲ್ಲೇ ದೇವರಾಜು ಅವನನ್ನು ಅಲ್ಲಿಂದ ಬಿಡಿಸಿ ಮನೆಗೆ ಕರೆತಂದ.

ತಂತ್ರ ಇಷ್ಟೆ. ಸುದರ್ಶನ ಅಂಗಿ ಬಿಚ್ಚಿ, ಎಡಗೈಯಿಂದ ಬಲಗೈಯನ್ನು ಎತ್ತಿ ಆ ಸಂದಿಯೊಳಕ್ಕೆ ಇಳಿಬಿಡುತ್ತಿದ್ದ. ಬೆರಳಿನಿಂದ ತಡಕಿ ಪಾನಾವನ್ನು ಪ್ಲಗ್ಗಿನ ತಲೆಗೆ ಕೂರಿಸಿ ಹಿಡಿದುಕೊಳ್ಳುತ್ತಿದ್ದ. ದೇವರಾಜು ಕೆಳಗಡೆಯಿಂದ ಉದ್ದನೆಯ ಸರಳು ಸಿಕ್ಕಿಸಿ ಬಲ ಹಾಕುತ್ತಿದ್ದ. ಸಡಿಲವಾದ ಮೇಲೆ ಮಿಕ್ಕದ್ದೆಲ್ಲ ಸುದರ್ಶನನ ಬೆರಳುಗಳದು. ಹೊಸ ಪ್ಲಗ್ಗಿನ ತುದಿಗೆ ಗೇಣುದ್ದದ ರಬ್ಬರ್ ಕೊಳವೆ ಸಿಕ್ಕಿಸಿ, ಕಣ್ಣು ಮುಚ್ಚಿಕೊಂಡು, ಥ್ರೆಡ್ಡು ಹಿಡಿದದ್ದು ಬೆರಳಿಗೆ ತಿಳಿಯುವವರೆಗೆ ಮೆಲ್ಲಗೆ ತಿರುಗಿಸುತ್ತಿದ್ದ. ಅಣ್ಣ ಒಂದೊಂದು ಸಲ ಹೇಳದೆ ಕೇಳದೆ ಸರಳು ಎಳೆದಾಗ ಇವನ ಬೆರಳು ಜಜ್ಜಿಹೋಗುತ್ತಿತ್ತು.

"ಸತ್ತ ಕೈ, ಅದುಕ್ಕೇನ್ ಗೊತ್ತಾಯ್ತದೆ," ಅನ್ನುತ್ತಿದ್ದ ದೇವರಾಜು.

ಊರಿನವರೂ ಹಾಗೆಯೇ ತಿಳಿದಿದ್ದರು. ಆ ಕೈಯಲ್ಲಿ ಬಲ ಸತ್ತಿತ್ತೇ ಹೊರತು ಚರ್ಮ ಸತ್ತಿರಲಿಲ್ಲ. ಇರುವೆ ಹರಿದರೂ ಅವನಿಗೆ ತಿಳಿಯುತ್ತಿತ್ತು. ಒಂದೆರಡು ಸಲ ಹೇಳಿ ನೋಡಿದ, ಆಮೇಲೆ ಬಿಟ್ಟ.

ತಾಯಿ ಸುಬ್ಬಮ್ಮನಿಗೆ ಇದು ಗೊತ್ತಿತ್ತು. ಗಂಡ ಸತ್ತ ಮೇಲೆ, ಈ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಎಣ್ಣೆ ತಿಕ್ಕುವ ನಾಟಿ ವೈದ್ಯರ ಮನೆ ಹುಡುಕಿ ಹೊಳೆನರಸೀಪುರ, ಅರಕಲಗೂಡು ಎಲ್ಲ ಅಲೆದವಳು ಅವಳು. ಅವನು ಎಡಗೈಯಲ್ಲಿ ಉಣ್ಣುವುದು ಬೇರೆಯವರ ಕಣ್ಣಿಗೆ ಬೀಳಬಾರದೆಂದು ಇಂದಿಗೂ ಒಳಮನೆಯಲ್ಲಿ ಒಬ್ಬನಿಗೇ ಬಡಿಸಿ, ಎದುರು ಕೂತು, ಮುದ್ದೆ ಮುರಿದು ಕೊಡುತ್ತಿದ್ದಳು. ಬೆರಳು ಜಜ್ಜಿದ ದಿನ ಅರಿಸಿನ ಹಚ್ಚುತ್ತಿದ್ದಳು. ತಾಯಿಯಿಲ್ಲದಿದ್ದರೆ ತಾನು ಈ ಮನೆಯಲ್ಲಿ ಒಂದು ದಿನವೂ ಇರುತ್ತಿರಲಿಲ್ಲವೆಂದು ಸುದರ್ಶನ ಅಂದುಕೊಂಡಿದ್ದ.

ತೊಂಬತ್ತಾರರಲ್ಲಿ ಮದುವೆಯ ಮಾತು ಬಂತು. ತಂದವನು ಸಂಬಂಧ ಕುದುರಿಸುವ ಬೋರಪ್ಪ. ಹುಡುಗಿ ಕಟ್ಟಾಯದವಳು, ಹೆಸರು ಸ್ನೇಹಲತಾ, ಅಂಗನವಾಡಿ ಟೀಚರು. ಹಾಸಿಗೆ ಹಿಡಿದ ತಾಯಿಯ ಸೇವೆಯಲ್ಲಿ ಎಂಟು ವರ್ಷ ಕಳೆದು, ತಾಯಿ ತೀರಿಕೊಂಡ ಹೊತ್ತಿಗೆ ಅವಳಿಗೆ ಇಪ್ಪತ್ತೆಂಟಾಗಿತ್ತು. ಸುದರ್ಶನ ಹೋಗಿ ನೋಡಿಬಂದ. ತುಂಬುತೋಳಿನ ಅಂಗಿ ಹಾಕಿಕೊಂಡಿದ್ದ. ಕೈ ಸ್ವಲ್ಪ ಸೊರಗಿದೆಯೆಂದು ಬೋರಪ್ಪ ಮೊದಲೇ ಹೇಳಿದ್ದ. ಹುಡುಗಿ ಕಾಫಿ ಕೊಡುವಾಗ ಲೋಟವನ್ನು ಅವನ ಎಡಗೈಗೆ ಎಟುಕುವ ಹಾಗೆ ಹಿಡಿದಳು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅವನು ಅದನ್ನೇ ನೆನೆಸಿಕೊಂಡ.

ಹದಿನೈದು ದಿನಕ್ಕೆ ಹುಡುಗಿಯ ಕಡೆಯವರು ಗಂಡಿನ ಮನೆ ನೋಡಲು ಬಂದರು. ಹುಡುಗಿಯ ತಂದೆ ಚಂದ್ರಯ್ಯನ ಜೊತೆ ಸ್ನೇಹಲತಾ ತಾನೂ ಬಂದಿದ್ದಳು. ಅಂಥ ರೂಢಿ ಊರಲ್ಲಿರಲಿಲ್ಲ. ತಾನು ಬಾಳಬೇಕಾದ ಮನೆಯನ್ನು ತಾನೇ ನೋಡುತ್ತೇನೆ ಅಂದಳಂತೆ. ಉಪ್ಪಿಟ್ಟು, ಕೇಸರಿಬಾತು ಆಯಿತು. ದೇವರಾಜುವಿನ ಹೆಂಡತಿ ಹೊನ್ನಕ್ಕ ತೋಟ ತೋರಿಸಿಕೊಂಡು ಬಂದಳು. ಎಲ್ಲರೂ ಜಗುಲಿಯ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಾಗ ದೇವರಾಜು ಲಾರಿ ತಂದು ಮನೆ ಮುಂದೆ ನಿಲ್ಲಿಸಿದ. ಬೆಳಗಿನಿಂದ ಕಾಯಿ ಹೊಡೆದು ಬಂದದ್ದರಿಂದ ಎಂಜಿನ್ ಕಾದು ಉಸಿರುಬಿಡುತ್ತಿತ್ತು.

"ಯಜಮಾನ್ರೆ, ಚನ್ನರಾಯಪಟ್ಣದಗಂಟ ನಾನೇ ಬಿಟ್ಕೊಡ್ತೀನಿ. ಬಸ್ಸಿಗ್ಯಾಕೆ ಕಾಯ್ತೀರ," ಅಂದ ಚಂದ್ರಯ್ಯನಿಗೆ. ಬಾನೆಟ್ಟು ತೆಗೆದು ಬಗ್ಗಿ ಏನೋ ನೋಡಿ, ಮತ್ತೆ ಹತ್ತಿ ಸ್ಟಾರ್ಟು ಮಾಡಿದ. ಎಂಜಿನ್ ಕುಂಟತೊಡಗಿತು. ಆಫ್ ಮಾಡಿ ಇಳಿದ.

"ಸುದರ್ಸ್ನ, ಅಂಗಿ ಬಿಚ್ಚಿ ಬಾರ್ಲಾ. ಆರನೇದು ಕಿಡಿ ಒಡೀತಿಲ್ಲ."

ಸುದರ್ಶನ ಜಗುಲಿಯಿಂದ ಏಳಲಿಲ್ಲ. ಎರಡು ದಿನದ ಹಿಂದಷ್ಟೇ ಆರಕ್ಕೂ ಹೊಸ ಪ್ಲಗ್ಗು ಹಾಕಿದ್ದ.

"ಎಂಜಿನ್ ಕಾದದೆ ಕಣಣ್ಣ. ಒಂದ್ ಗಂಟೆ ಆರ್ಲಿ."

"ಒಂದ್ ಗಂಟೆ ಇವ್ರನ್ನ ಕೂರಿಸ್ಕಂಡಿರಾಣ ಅಂತೀಯ? ಬಾರ್ಲಾ."

"ನಮಗೇನೂ ಅವಸರ ಇಲ್ಲ, ಆರ್ಲಿ ಬಿಡಿ," ಅಂದಳು ಸ್ನೇಹಲತಾ. ಜಗುಲಿಯ ಮೇಲೆ ಎಲ್ಲರೂ ಅವಳತ್ತ ತಿರುಗಿದರು.

ದೇವರಾಜು ನಕ್ಕ. ಹತ್ತಿರ ಬಂದು ತಮ್ಮನ ಅಂಗಿಯ ಗುಂಡಿಗಳನ್ನು ತಾನೇ ಒಂದೊಂದಾಗಿ ಬಿಚ್ಚಿದ, ಎಳೆಮಗುವಿನ ಅಂಗಿ ಬಿಚ್ಚುವ ಹಾಗೆ. ತೋಳು ಎಳೆದು ಬಲಗೈಯನ್ನು ಹೊರಗೆ ತೆಗೆದು, ಮಣಿಕಟ್ಟು ಹಿಡಿದು ಎತ್ತಿ ತೋರಿಸಿದ.

"ನೋಡಿ ಯಜಮಾನ್ರೆ, ಮುಚ್ಚುಮರೆ ಯಾಕೆ. ನಾಳೆ ದಿನ ನಮ್ಮನ್ನ ಮೋಸಗಾರ್ರು ಅನ್ಬಾರ್ದು. ಇದೇ ಕೈ. ಮನುಸಂಗೆ ಉಪಯೋಗಕ್ಕೆ ಬರಾಕಿಲ್ಲ, ಲಾರಿಗೆ ಬತ್ತದೆ."

ಚಂದ್ರಯ್ಯ ನೆಲ ನೋಡಿದ. ಸುಬ್ಬಮ್ಮ ಬಾಗಿಲಲ್ಲಿ ಬಾಳೆಹಣ್ಣಿನ ತಟ್ಟೆ ಹಿಡಿದು ನಿಂತಿದ್ದವಳು ನಿಂತೇ ಇದ್ದಳು.

ಸುದರ್ಶನ ಹೋಗಿ ಬಲಗೈಯನ್ನು ಎತ್ತಿ ಸಂದಿಯೊಳಕ್ಕೆ ಬಿಟ್ಟ. ಕೊಳವೆಯ ಬುಡ ತೋಳಿಗೆ ತಗುಲಿದಾಗ ಚರ್ಮ ಅಂಟಿಕೊಂಡು ಬಿಟ್ಟ ಸಪ್ಪಳ ಅವನಿಗೇ ಕೇಳಿಸಿತು. ಹಲ್ಲು ಕಚ್ಚಿದ. ಕೂಗಿದರೆ ಅವಳು ಕೇಳಿಸಿಕೊಳ್ಳುತ್ತಾಳೆ ಅನ್ನುವುದೊಂದೇ ತಲೆಯಲ್ಲಿತ್ತು. ಅಣ್ಣ ಕೆಳಗಿನಿಂದ ಸರಳು ತಿರುಗಿಸಿದ, ಬೇಕೆಂದೇ ನಿಧಾನವಾಗಿ, ಜಗುಲಿಯವರ ಜೊತೆ ತೆಂಗಿನ ಧಾರಣೆ ಮಾತಾಡುತ್ತ. ಪ್ಲಗ್ಗು ಹೊರಬಂದಾಗ ಸುದರ್ಶನ ಅದನ್ನು ತಿರುಗಿಸಿ ನೋಡಿದ. ಹೊಸದು ಹೊಸದಾಗಿಯೇ ಇತ್ತು, ಮಸಿಯ ಗೆರೆ ಕೂಡ ಇರಲಿಲ್ಲ. ತಲೆಯೆತ್ತಿ ನೋಡಿದರೆ ಕರೆಂಟು ಹಂಚುವ ಮುಚ್ಚಳದಲ್ಲಿ ಆರನೆಯ ವಯರಿನ ತುದಿಯನ್ನು ಯಾರೋ ಅರ್ಧ ಅಂಗುಲ ಮೇಲಕ್ಕೆಳೆದು ಬಿಟ್ಟಿದ್ದರು.

ಅವನು ಪ್ಲಗ್ಗನ್ನು ವಾಪಸು ಕೂರಿಸಿದ. ಅದಕ್ಕೆ ಮತ್ತೆ ಕೈ ಒಳಗೆ ಬಿಡಬೇಕಾಯಿತು. ಆಮೇಲೆ ಎಡಗೈ ಹೆಬ್ಬೆರಳಿನಿಂದ ವಯರನ್ನು ಒತ್ತಿದ. ಅಣ್ಣ ಸ್ಟಾರ್ಟು ಮಾಡಿದರೆ ಎಂಜಿನ್ ಗಡಿಯಾರದ ಹಾಗೆ ಓಡಿತು. ಮೊಣಕೈಯಿಂದ ಮಣಿಕಟ್ಟಿನವರೆಗೆ ತೋಳು ಕೆಂಪಗೆ ಸುಲಿದಿತ್ತು. ಸ್ನೇಹಲತಾ ಎದ್ದು ನಿಂತು ಅವನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಏನನ್ನಿಸಿತೆಂದು ಅವನಿಗೆ ಗೊತ್ತಾಗಲಿಲ್ಲ. ಲಾರಿಯ ಮುಂದಿನ ಸೀಟಿನಲ್ಲಿ ತಂದೆ ಮಗಳು ಕೂತು ಹೋದರು. ಸುಬ್ಬಮ್ಮ ಅವನ ಕೈಗೆ ಕೊಬ್ಬರಿಎಣ್ಣೆ ಸವರುತ್ತ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಎಂಗೆ ಸುಟ್ಟವ್ನೆ ನೋಡು, ಪಾಪಿ," ಅಂದಳು.

ಒಂದು ತಿಂಗಳ ಮೇಲೆ ಬೋರಪ್ಪ ಬಂದು, ಕಟ್ಟಾಯದವರು ಬೇಡ ಅಂದರು ಅಂತ ಹೇಳಿಹೋದ. ಯಾಕೆಂದು ಸುದರ್ಶನ ಕೇಳಲಿಲ್ಲ. ಯಾಕೆನ್ನುವುದು ಭುಜದಿಂದ ನೇತಾಡುತ್ತಿತ್ತಲ್ಲ. ಅಂದಿನಿಂದ ಬೇಸಗೆಯಲ್ಲೂ ತುಂಬುತೋಳಿನ ಅಂಗಿಯನ್ನೇ ತೊಟ್ಟ. ಹೋಟೆಲಿನ ಬೆಂಚಿನ ಮೇಲೆ ದೇವರಾಜು ಆ ಕತೆಯನ್ನು ವರ್ಷವಿಡೀ ಹೇಳಿದ. ಹುಡುಗಿಯ ಕಡೆಯವರು ಕೈ ನೋಡಿ ಕೇಸರಿಬಾತು ಕಕ್ಕಿಕೊಳ್ಳುವುದೊಂದು ಬಾಕಿ ಅನ್ನುತ್ತಿದ್ದ. ಕೇಳುವವರಲ್ಲಿ ಸುದರ್ಶನನೂ ಕೂತಿರುತ್ತಿದ್ದ. ಹದಿನೈದು ದಿನಕ್ಕೊಮ್ಮೆ ಅಂಗಿ ಬಿಚ್ಚಿ ಲಾರಿಯ ಕೆಲಸ ಮಾಡಿಕೊಡುತ್ತಲೂ ಇದ್ದ.

ಮಾರನೆಯ ವರ್ಷ ಶ್ರಾವಣದಲ್ಲಿ ಹೊಸ ಪ್ಲಗ್ಗು ತರಲು ಚನ್ನರಾಯಪಟ್ಟಣಕ್ಕೆ ಹೋದ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ "ಕೈ ವಾಸಿ ಆಯ್ತಾ" ಅಂದಂತಾಯಿತು. ಸ್ನೇಹಲತಾ. ಕೊರಳಲ್ಲಿ ತಾಳಿ, ಕೈಯಲ್ಲಿ ಒಂದು ತರಕಾರಿ ಚೀಲ. ಮೊದಲಿಗಿಂತ ಬಡಕಲಾಗಿದ್ದಳು. ಅರಕಲಗೂಡಿಗೆ ಕೊಟ್ಟಿದ್ದಾರೆ, ಎರಡನೆಯ ಸಂಬಂಧ, ಮೊದಲಿನವಳ ಮಕ್ಕಳಿಬ್ಬರಿದ್ದಾರೆ ಅಂದಳು. ಇವನು ತಲೆಯಾಡಿಸಿದ.

"ಮಾತ್ರೆ ತಗೋತಾ ಇದೀರ ತಾನೆ?" ಅಂದಳು. "ನಿಲ್ಲಿಸಬಾರದಂತೆ ಅದನ್ನ."

"ಯಾವ ಮಾತ್ರೆ?"

"ಫಿಟ್ಸಿಂದು."

ಸುದರ್ಶನನಿಗೆ ಅರ್ಥವಾಗಲಿಲ್ಲ. ಅವನ ಮುಖ ನೋಡಿ, ಸಂಕೋಚಪಡುತ್ತಿದ್ದಾನೆಂದು ಎಣಿಸಿ ಅವಳೇ ಮುಂದುವರಿಸಿದಳು.

"ನೀವು ಬೇಜಾರು ಮಾಡ್ಕೋಬೇಡಿ. ನಾನು ಅವತ್ತೇ ಅಪ್ಪಂಗೆ ಒಪ್ಪಿಗೆ ಅಂದಿದ್ದೆ. ಅಷ್ಟು ಸುಟ್ಟರೂ ಸುಮ್ಮನಿದ್ದರಲ್ಲ, ಇಂಥವರ ಜೊತೆ ಬಾಳಬಹುದು ಅಂದೆ. ಬೋರಪ್ಪನ ಕೈಲಿ ನಿಮ್ಮ ತಾಯಿಗೆ ಹೇಳಿಯೂ ಕಳಿಸಿದ್ವಿ. ನಾಲ್ಕು ದಿನಕ್ಕೆ ನಿಮ್ಮ ತಾಯಿ ಬಸ್ಸು ಹತ್ತಿ ಒಬ್ಬರೇ ಬಂದ್ರು. ಅಪ್ಪನ ಕಾಲು ಹಿಡ್ಕೊಂಡ್ರು. ನನ್ ಮಗನಿಗೆ ವಾರಕ್ಕೊಂದು ಸಲ ಫಿಟ್ಸು ಬತ್ತದೆ, ನೊರೆ ಕಾರ್ತಾನೆ, ಹೆತ್ತವಳು ನಾನೇ ಹೇಳ್ತಿದೀನಿ, ನಿಮ್ ಹುಡುಗಿ ಬಾಳು ಕೆಡಿಸ್ಕೋಬೇಡಿ ಅಂದ್ರು. ಅಪ್ಪ ಅತ್ತುಬಿಟ್ರು. ಎಂಥ ತಾಯಿ, ಸತ್ಯ ಮುಚ್ಚಿಡಲಿಲ್ಲವಲ್ಲ ಅಂತ ಈಗಲೂ ಅಂತಾರೆ."

ಹೌದು ಅಂದುಬಿಡಬಹುದಿತ್ತು. ಮಾತ್ರೆ ತಗೋತಿದ್ದೀನಿ, ಈಗ ವಾಸಿ ಅಂದಿದ್ದರೆ ಅವಳು ಇದ್ದ ಹಾಗೆ ಬಸ್ಸು ಹತ್ತಿ ಹೋಗುತ್ತಿದ್ದಳು. ಅದು ಅವನಿಗೆ ಹೊಳೆಯಿತು ಕೂಡ.

"ನಂಗೆ ಫಿಟ್ಸಿಲ್ಲ," ಅಂದ. "ಉಟ್ಟಿದಾಗಿಂದ ಒಂದ್ ಸಲನೂ ಬಂದಿಲ್ಲ."

ಅವಳ ಮುಖದಲ್ಲಿ ರಕ್ತ ಇಳಿದುಹೋದದ್ದನ್ನು ಅವನು ನಿಂತು ನೋಡಿದ. ನೋಡುತ್ತ ಒಳಗೆಲ್ಲೋ ಒಂದು ಬಗೆಯ ಹಿತವಾಯಿತು. ಮೋಸಹೋದವನು ತಾನೊಬ್ಬನೇ ಅಲ್ಲವಲ್ಲ ಅನ್ನಿಸಿತು. ಅರಕಲಗೂಡಿನ ಕಡೆಗೆ ಹೋಗುವ ಬಸ್ಸು ಬಂತು, ಕಂಡಕ್ಟರು ಸೀಟಿ ಊದಿದ. ಅವಳು ಚೀಲ ಎತ್ತಿಕೊಂಡು ಹತ್ತಿದಳು. ಕಿಟಕಿಯ ಪಕ್ಕದಲ್ಲೇ ಕೂತರೂ ಹೊರಗೆ ತಿರುಗಿ ನೋಡಲಿಲ್ಲ.

ಮನೆಗೆ ಬಂದಾಗ ಸುಬ್ಬಮ್ಮ ಒಳಮನೆಯಲ್ಲಿ ತಟ್ಟೆಯಿಟ್ಟು ಕಾಯುತ್ತಿದ್ದಳು. ಅವನು ಕೂತ. ಅವಳು ಮುದ್ದೆ ಮುರಿದಳು.

"ನೀನು ಕಟ್ಟಾಯಕ್ಕೆ ಓಗಿದ್ಯಾ ಅವ್ವ?"

ಅವಳ ಕೈ ನಿಲ್ಲಲಿಲ್ಲ. ಮುರಿದ ಮುದ್ದೆಯನ್ನು ಸಾರಿನಲ್ಲಿ ಅದ್ದಿ ತಟ್ಟೆಯ ಅಂಚಿಗಿಟ್ಟಳು.

"ಊ ಕಣಪ್ಪ. ಓಗಿದ್ದೆ."

"ಲಾರಿ ಆಟಾನೂ ನಿಂದೇಯಾ?"

"ಅದು ನಿಮ್ಮಣ್ಣನ ಬುದ್ದಿ. ಅದ್ರಲ್ಲಿ ಆಗ್ನಿಲ್ವಲ್ಲ, ಅದ್ಕೇ ನಾನು ಓಗ್ಬೇಕಾಯ್ತು." ಅವಳ ದನಿಯಲ್ಲಿ ತಪ್ಪಿತಸ್ಥರ ಅಳುಕಿರಲಿಲ್ಲ. ಬಾವಿಯ ಹಗ್ಗ ಬದಲಾಯಿಸಿದ್ದು ಯಾಕೆಂದು ಹೇಳುವವಳ ಹಾಗೆ ಹೇಳಿದಳು. "ಇರಾದು ಮೂರೆಕ್ರೆ ತ್ವಾಟ. ಎಂಡ್ರು ಬಂದ್ರೆ ಪಾಲು ಅಂತಾಳೆ. ಒಡೆದ್ರೆ ಅವ್ನೂ ಉಳಿಯಾಕಿಲ್ಲ, ನೀನೂ ಉಳಿಯಾಕಿಲ್ಲ. ಬ್ಯಾರೆ ಓಗೋಳು ನಿನ್ನ ಕರ್ಕಂಡೇ ಓಯ್ತಾಳೆ. ಆಮ್ಯಾಕೆ ನಂಗ್ಯಾರು? ನಾನಿರಗಂಟ ನಿಂಗೇನು ಕಮ್ಮಿ ಯೋಳು. ಇನ್ನೊಬ್ಳು ಬಂದು ನಿನ್ ಕೈ ನೋಡಿ ಮೊಕ ಕಿವುಚೋದ ನಾ ನೋಡ್ಬೇಕಾ?"

"ಅವ್ಳು ಕಿವುಚ್ಲಿಲ್ಲ ಕಣವ್ವ."

"ಇವತ್ತು ಕಿವುಚ್ದೇ ಇದ್ರೆ ನಾಳೆ. ಉಣ್ಣಪ್ಪ, ಆರೋಯ್ತದೆ."

ಸುದರ್ಶನ ತಟ್ಟೆಯನ್ನು ಮುಂದಕ್ಕೆ ತಳ್ಳಿ ಎದ್ದ. ಆ ದಿನವೇ ಕಾಯಿ ತುಂಬಿಡುವ ಕೊಟ್ಟಿಗೆಯ ಒಂದು ಮೂಲೆ ಗುಡಿಸಿ, ಸೀಮೆಎಣ್ಣೆ ಸ್ಟವ್ವು, ಒಂದು ಪಾತ್ರೆ ಇಟ್ಟುಕೊಂಡ.

ಮುಂದಿನ ವಾರ ಲಾರಿ ಕೆಮ್ಮತೊಡಗಿತು. ದೇವರಾಜು ಕರೆದ. ಇವನು ಹೋಗಲಿಲ್ಲ. ದೇವರಾಜು ಕೊಟ್ಟಿಗೆಗೆ ಬಂದು ಕಪಾಳಕ್ಕೆರಡು ಬಿಟ್ಟು, ರಟ್ಟೆ ಹಿಡಿದು ಎಳೆದೊಯ್ದು, ಅಂಗಿಯ ತೋಳು ಹರಿದು ತಾನೇ ಆ ಕೈಯನ್ನು ಸಂದಿಯೊಳಕ್ಕೆ ತುರುಕಿದ. ಪಾನಾ ಹಿಡಿಸಿದ. ಬೆರಳುಗಳು ಪಾನಾವನ್ನು ಬಿಟ್ಟವು, ಅದು ಟಣ್ಣೆಂದು ಕೆಳಗೆ ಬಿತ್ತು. ಮತ್ತೆ ಹಿಡಿಸಿದ. ಮತ್ತೆ ಬಿತ್ತು.

"ಸತ್ತ ಕೈ ಕಣಣ್ಣ," ಅಂದ ಸುದರ್ಶನ. "ಅದು ಏನ್ ಮಾಡ್ತದೆ."

ದೇವರಾಜು ಅವನನ್ನು ಆಚೆಗೆ ನೂಕಿ, ಉದ್ದನೆಯ ಸರಳಿನ ತುದಿಗೆ ಪಾನಾ ಕಟ್ಟಿ ತಾನೇ ಇಳಿದ. ಮಧ್ಯಾಹ್ನದವರೆಗೆ ಬೈದುಕೊಂಡು ಹೆಣಗಿದ. ಕೊನೆಗೆ ಪ್ಲಗ್ಗಿನ ಪಿಂಗಾಣಿ ತುಂಡಾಯಿತು, ಬುಡ ಒಳಗೇ ಉಳಿಯಿತು. ಅದನ್ನು ಉಳಿಯಿಟ್ಟು ಹೊಡೆದು ಬಿಡಿಸಹೋಗಿ ಎಂಜಿನ್ನಿನ ಥ್ರೆಡ್ಡನ್ನೇ ಕಿತ್ತ. ಸುದರ್ಶನ ಕೊಟ್ಟಿಗೆಯ ಬಾಗಿಲಲ್ಲಿ ಕೂತು ಎಲ್ಲವನ್ನೂ ನೋಡಿದ. ಇನ್ನೊಂದು ಸುತ್ತು ಮೆಲ್ಲಗೆ ತಿರುಗಿಸಿದ್ದರೆ ಬರುತ್ತಿತ್ತೆಂದು ಅವನಿಗೆ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಲಾರಿ ಎಂಟು ತಿಂಗಳು ಹೊಂಗೆಮರದಡಿ ನಿಂತು ಆಮೇಲೆ ಗುಜರಿಗೆ ಹೋಯಿತು. ದೇವರಾಜು ಬೇರೆಯವರ ಲಾರಿಗೆ ಡ್ರೈವರ್ ಆಗಿ ಸೇರಿದ.

ಸುಬ್ಬಮ್ಮ ದಿನಾ ಮಧ್ಯಾಹ್ನ ತಟ್ಟೆ ಹಿಡಿದು ಕೊಟ್ಟಿಗೆಗೆ ಬರುತ್ತಿದ್ದಳು. ಅವನು ತಟ್ಟೆಯನ್ನು ತೆಗೆದುಕೊಂಡು, ಅವಳ ಕಣ್ಣೆದುರಿಗೇ ಬೀದಿ ನಾಯಿಗೆ ಸುರಿದು, ತೊಳೆದು ವಾಪಸು ಕೊಡುತ್ತಿದ್ದ. ನಾಯಿ ಆ ಹೊತ್ತಿಗೆ ಬಂದು ಕಾಯುವುದನ್ನು ಕಲಿಯಿತು. ಒಂದು ದಿನ ಅವಳು, "ನಾನೇನ್ಲಾ ಮಾಡ್ದೆ, ನಿನ್ ಉಳಿಸ್ಕಂಡೆ, ಅಷ್ಟೇ ತಾನೆ," ಅಂದಳು. ಅವನು ನಾಯಿಯ ತಲೆ ಸವರುತ್ತಿದ್ದ. ಶಿವರಾತ್ರಿ ಕಳೆದ ಮೇಲೆ ಅವಳು ತಟ್ಟೆ ತರುವುದನ್ನು ನಿಲ್ಲಿಸಿದಳು.

ತೊಂಬತ್ತೆಂಟರಲ್ಲಿ ಪಂಚಾಯ್ತಿ ಸೇರಿಸಿ ಪಾಲು ಕೇಳಿದ. ಒಂದೂವರೆ ಎಕರೆ ತೋಟ, ಆ ಕೊಟ್ಟಿಗೆ ಅವನ ಪಾಲಿಗೆ ಬಂದವು. ತಾಯಿ ಯಾರ ಕಡೆ ಅಂತ ಪಂಚರು ಕೇಳಿದಾಗ, ಸುದರ್ಶನ ಅಣ್ಣನ ಕಡೆ ಅಂದ. ಸುಬ್ಬಮ್ಮ ತಲೆಯೆತ್ತಿ ಅವನನ್ನು ನೋಡಿದಳು. ಕೊಟ್ಟಿಗೆಯ ಮುಂಭಾಗಕ್ಕೆ ಶಟರ್ ಇಡಿಸಿ ಅವನು ಮೋಟಾರು ಸುತ್ತುವ ಅಂಗಡಿ ಹಾಕಿದ. ಬೇಸಗೆಯಲ್ಲಿ ಊರೂರಿಂದ ಸುಟ್ಟ ಮೋಟಾರುಗಳು ಬರುತ್ತಿದ್ದವು. ಆ ತೆಳು ಬೆರಳುಗಳು ತಂತಿಯನ್ನು ಕೂದಲೆಳೆಯಷ್ಟೂ ತಪ್ಪದೆ ಕೂರಿಸುತ್ತಿದ್ದವು. ಮದುವೆಯ ಮಾತೆತ್ತಿದವರಿಗೆ ಬೇಡ ಅನ್ನುತ್ತಿದ್ದ.

ಅಣ್ಣನ ಮನೆಯಲ್ಲಿ ತೋಟ ಅರ್ಧವಾದ ಸಿಟ್ಟು, ಲಾರಿ ಹೋದ ಸಿಟ್ಟು ಎಲ್ಲ ಸುಬ್ಬಮ್ಮನ ಮೇಲೆ ತಿರುಗಿತು. ಹೊನ್ನಕ್ಕ ಬಾಯಿಬಿಟ್ಟು ಬಯ್ಯುವ ಹೆಂಗಸಲ್ಲ. ಅಡಿಗೆಮನೆಗೆ ಬೀಗ ಹಾಕಿಕೊಂಡು ತವರಿಗೆ ಹೋಗಿಬಿಡುತ್ತಿದ್ದಳು. ದೇವರಾಜು ಲಾರಿಯ ಮೇಲೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅಕ್ಕಪಕ್ಕದವರು ಮೊದಮೊದಲು ಕರೆದು ಬಡಿಸಿದರು.

ಎರಡು ಸಾವಿರದ ಇಸವಿಯ ಚೈತ್ರದಲ್ಲಿ ಒಂದು ಮಧ್ಯಾಹ್ನ ಸುದರ್ಶನ ಅಂಗಡಿಯ ಬಾಗಿಲಲ್ಲಿ ಕೂತು ಉಣ್ಣುತ್ತಿದ್ದ. ಹೋಗಿ ಬರುವವರೆಲ್ಲರಿಗೂ ಕಾಣುವ ಹಾಗೆ ಎಡಗೈಯಲ್ಲಿ ಉಣ್ಣುವುದು ಅವನಿಗೆ ಈಗ ಅಭ್ಯಾಸವಾಗಿತ್ತು. ಬಿಸಿ ಅನ್ನ, ಹುರುಳಿ ಬಸ್ಸಾರು. ಸುಬ್ಬಮ್ಮ ಗೋಡೆ ಹಿಡಿದುಕೊಂಡು ಬಂದು ಮೆಟ್ಟಿಲ ಮೇಲೆ ಕೂತಳು. ತುಟಿ ಒಣಗಿ ಸಿಪ್ಪೆಯೆದ್ದಿತ್ತು. "ಸುದರ್ಸ್ನ, ನೆನ್ನೆಯಿಂದ ಬೀಗ ಕಣಪ್ಪ. ಒಂದ್ ತುತ್ತು," ಅಂದಳು.

ಅವನು ತಟ್ಟೆಯಿಂದ ಕಣ್ಣೆತ್ತಿದ. ಗಿರಾಕಿಗಳ ಜೊತೆ ಮಾತಾಡುವ ದನಿಯಲ್ಲಿ, ಮರ್ಯಾದೆಯಿಂದ ಕೇಳಿದ:

"ನೀವು ಯಾರ ಕಡೆಯೋರು? ಏನಾಗ್ಬೇಕಿತ್ತು, ಯೋಳಿ."

ಮೂವತ್ತೈದು ವರ್ಷದಲ್ಲಿ ಅವನು ಅವಳನ್ನು ನೀವು ಅಂದಿರಲಿಲ್ಲ. ಸುಬ್ಬಮ್ಮ ಮೊದಲು ಕೇಳಿಸಲಿಲ್ಲವೇನೋ ಎಂಬಂತಿದ್ದಳು. ಆಮೇಲೆ ಅವಳ ಬಾಯಿ ಸ್ವಲ್ಪ ತೆರೆದುಕೊಂಡು ಹಾಗೆಯೇ ನಿಂತಿತು. ಅಳು ಬರಬೇಕಾಗಿತ್ತು, ಬರಲಿಲ್ಲ. ಮೊಣಕಾಲಿಗೆ ಕೈ ಊರಿ ಏಳಲು ನೋಡಿ, ಆಗದೆ ಮತ್ತೆ ಕೂತಳು.

ಸುದರ್ಶನ ಒಳಗೆ ಹೋಗಿ ಪಾತ್ರೆಯಲ್ಲಿದ್ದ ಅನ್ನವನ್ನೂ ಹಾಕಿಕೊಂಡು ಬಂದು ಅದೇ ಜಾಗದಲ್ಲಿ ಕೂತ. ಬಸ್ಸಾರು ಆ ದಿನ ಚೆನ್ನಾಗಿ ಆಗಿತ್ತು. ಅವನು ಅವಸರವಿಲ್ಲದೆ, ಒಂದಗುಳೂ ಬಿಡದೆ ಉಂಡ.